ಲೋಹದ ಮಂಡಿಯೋ, ತಿರುಗಿಸಿದ ಪಾದವೋ?

ಪ್ರಶ್ನೆ: ಅಕ್ಕಾ, ನನಗೆ 21 ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮ ಊರು. ಬಲಮಂಡಿಯ ಮೇಲೆ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇದೆ ಎಂದು ಗೊತ್ತಾಗಿ ಕೀಮೋ ನಡೆಯುತ್ತಿದೆ. ಮುಂದಿನ ತಿಂಗಳು ಆಪರೇಷನ್. ಗಡ್ಡೆ ಇರುವ ಮೂಳೆ ತೆಗೆದು ಲೋಹದ ಮಂಡಿ ಕೂರಿಸಬಹುದು, ಇಲ್ಲವೇ ರೊಟೇಶನ್‌ಪ್ಲಾಸ್ಟಿ (ಕೆಳಗಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುವುದು) ಮಾಡಬಹುದು, ಎರಡೂ ಆಗದಿದ್ದರೆ ತೊಡೆಯಿಂದಲೇ ಕಾಲು ತೆಗೆಯಬೇಕು ಎಂದಿದ್ದಾರೆ ಡಾಕ್ಟರು. ನಾನು ವಾಲಿಬಾಲ್ ಆಡುವವನು, ತೋಟದ ಕೆಲಸ ಮಾಡುವವನು. ಫಿಸಿಯೋಥೆರಪಿ ಕೋಣೆಯಲ್ಲಿ ರೊಟೇಶನ್‌ಪ್ಲಾಸ್ಟಿ ಆದ ಹುಡುಗನೊಬ್ಬ ಮೆಟ್ಟಿಲು ಹತ್ತುವುದನ್ನು ನೋಡಿದ ಮೇಲೆ ಮನಸ್ಸು ಆ ಕಡೆ ಹೋಗಿದೆ. ಅಮ್ಮ ಮಾತ್ರ ‘ಪಾದ ಹಿಂದುಮುಂದಾದರೆ ಹೇಗೋ ನೋಡಲಿ, ರಾಡೇ ಹಾಕಿಸು’ ಎಂದು ಅಳುತ್ತಾಳೆ. ಏನು ಮಾಡಲಿ?

ಉತ್ತರ: ತಮ್ಮಾ, ನಿನ್ನ ಪತ್ರದಲ್ಲಿ ‘ನಾನು ಉಳಿಯುತ್ತೇನಾ’ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಆದರೆ ಅಮ್ಮನ ಅಳುವಿನಲ್ಲಿ ಅದೂ ಇದೆ ಅನ್ನಿಸಿತು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಗಡ್ಡೆಯನ್ನು ಸುತ್ತಲಿನ ರೋಗವಿಲ್ಲದ ಅಂಚಿನ ಸಮೇತ ತೆಗೆಯಲು ಸಾಧ್ಯವಾದರೆ, ಕಾಲು ಉಳಿಸಿಕೊಂಡವರ ಆಯುಸ್ಸಿಗೂ ತೆಗೆಸಿದವರ ಆಯುಸ್ಸಿಗೂ ವ್ಯತ್ಯಾಸ ಕಂಡುಬಂದಿಲ್ಲ. ಆ ಅಂಚು ಯಾವುದರಲ್ಲಿ ಸಿಗುತ್ತದೆ ಎಂಬುದು ಕೀಮೋ ನಂತರದ ಎಂಆರ್‌ಐ ನೋಡಿ ಡಾಕ್ಟರು ಹೇಳಬೇಕಾದ ಮಾತು. ಎರಡರಲ್ಲೂ ಸಿಗುತ್ತದೆ ಅಂದರೆ, ಉಳಿದದ್ದು ನೀನು ದಿನ ಹೇಗೆ ಕಳೆಯಬೇಕು ಎಂಬ ಲೆಕ್ಕ ಮಾತ್ರ. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಲೋಹದ ಮಂಡಿಯಲ್ಲಿ ಕಾಲು ನೋಡಲು ಕಾಲಿನ ಹಾಗೇ ಇರುತ್ತದೆ. ಪ್ಯಾಂಟ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಬೇಗ ನಡೆಯಬಹುದು. ಇದು ಸಣ್ಣ ಮಾತಲ್ಲ. ಆದರೆ ಓಡಬೇಡ, ಹಾರಬೇಡ ಅನ್ನುತ್ತಾರೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಕಷ್ಟ. ಜೊತೆಗೆ ನಿನಗಿನ್ನೂ 21. ಲೋಹ ಸವೆಯುತ್ತದೆ, ಸಡಿಲವಾಗುತ್ತದೆ. ಜೀವಮಾನದಲ್ಲಿ ಮತ್ತೆ ಆಪರೇಷನ್ ಟೇಬಲ್ ಹತ್ತಬೇಕಾಗುತ್ತದೆ, ಒಂದಕ್ಕಿಂತ ಹೆಚ್ಚು ಸಲವೂ ಇರಬಹುದು. ಒಳಗೆ ಸೋಂಕು ಹಿಡಿದರೆ ಕೆಲವೊಮ್ಮೆ ಕೊನೆಗೆ ಕಾಲನ್ನೇ ತೆಗೆಯಬೇಕಾಗಿ ಬರುವುದೂ ಉಂಟು. ಕೂತು ಮಾಡುವ ಕೆಲಸದವರು ಇದನ್ನೇ ಆರಿಸಿಕೊಂಡು ನೆಮ್ಮದಿಯಾಗಿದ್ದಾರೆ.

ರೊಟೇಶನ್‌ಪ್ಲಾಸ್ಟಿಯನ್ನು ನೀನು ಕಣ್ಣಾರೆ ನೋಡಿದ್ದೀಯ. ಗಡ್ಡೆ ಇರುವ ತೊಡೆಯ ಭಾಗವನ್ನು ಮಂಡಿಯ ಸಮೇತ ತೆಗೆದು, ಕೆಳಗಾಲನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಉಳಿದ ತೊಡೆಮೂಳೆಗೆ ಜೋಡಿಸುತ್ತಾರೆ. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಪಾದದ ಕೀಲೇ ಮಂಡಿಯ ಕೆಲಸ ಮಾಡುತ್ತದೆ. ಅದರ ಮೇಲೆ ಕೃತಕ ಕಾಲು ಹಾಕಿಕೊಳ್ಳುತ್ತೀಯ. ನೆಲ ತಟ್ಟಿದ್ದು ನಿನ್ನ ಸ್ವಂತ ಅಂಗಾಲಿಗೇ ತಿಳಿಯುತ್ತದೆ. ಇದಕ್ಕೆ ತೊಡೆಯ ದೊಡ್ಡ ನರ ಗಡ್ಡೆಯಿಂದ ದೂರ ಇರಲೇಬೇಕು. ‘ನನ್ನ ನರ ಸುರಕ್ಷಿತವಾಗಿದೆಯಾ? ನೀವು ಈ ಆಪರೇಷನ್ ಎಷ್ಟು ಮಾಡಿದ್ದೀರಿ?’ ಎಂದು ಕೇಳು. ಹಾಗೆ ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೂಳೆ ಕೂಡಲು ತಿಂಗಳುಗಳೇ ಬೇಕು. ಕೀಮೋ ಅದನ್ನು ಇನ್ನೂ ನಿಧಾನ ಮಾಡುತ್ತದೆ. ಆದರೆ ಒಮ್ಮೆ ಕೂಡಿತು ಅಂದರೆ ಸವೆಯುವ ಲೋಹದ ಮಂಡಿ ಒಳಗಿಲ್ಲ. ಓಡುವವರು, ಸೈಕಲ್ ಹೊಡೆಯುವವರು, ಆಟ ಆಡುವವರು ಇದ್ದಾರೆ.

ಅಮ್ಮನಿಗೆ ಇದು ಮಗನ ಮೇಲೆ ಮಾಡುವ ಪ್ರಯೋಗದ ಹಾಗೆ ಕಾಣುತ್ತಿರಬಹುದು. ಪ್ರಯೋಗವಲ್ಲ ಎಂದು ಹೇಳು. ಜರ್ಮನಿಯ ಬೋರ್ಗ್‌ಗ್ರೇವ್ ಎಂಬ ಸರ್ಜನ್ 1927ರಲ್ಲೇ, ಕ್ಷಯದಿಂದ ಮಂಡಿ ಹಾಳಾದ ಹುಡುಗನಿಗೆ ಇದನ್ನು ಮಾಡಿದ್ದರು. 1970ರ ದಶಕದಿಂದ ಮೂಳೆ ಕ್ಯಾನ್ಸರ್‌ಗೂ ಮಾಡುತ್ತಿದ್ದಾರೆ.

ನನ್ನ ಮನಸ್ಸು ಎತ್ತ ಎಂದು ಕೇಳಿದರೆ, ನರ ಚೆನ್ನಾಗಿದೆ ಎಂದಾದರೆ ನಿನ್ನ ಕಡೆಗೇ. ಕಾಲುಸಂಕ ದಾಟಿ, ದರೆ ಹತ್ತಿ ಇಳಿಯುವ ಊರಿನವನು ನೀನು. ಆದರೆ ಅದರ ಬೆಲೆಯನ್ನೂ ಹೇಳಬೇಕು. ಕೃತಕ ಕಾಲು ತೆಗೆದಿಟ್ಟಾಗ, ಸ್ನಾನ ಮಾಡುವಾಗ, ಮುಂದೆ ಒಬ್ಬ ಹೆಂಡತಿಯ ಎದುರು, ಆ ಪಾದ ಹಾಗೇ ಕಾಣುತ್ತದೆ. ಮೊದಲ ದಿನ ನಿನಗೇ ಕಣ್ಣೀರು ಬರಬಹುದು. ಆ ಹುಡುಗನನ್ನು ಕಾಲು ಬಿಚ್ಚಿ ತೋರಿಸು ಎಂದು ಕೇಳಿ, ಒಂದರ್ಧ ಗಂಟೆ ಜೊತೆಗೆ ಕೂತು ನೋಡು. ಆಮೇಲೂ ಮನಸ್ಸು ಅಲ್ಲೇ ನಿಂತಿದ್ದರೆ ಆಯಿತು.

ತೊಡೆಯಿಂದ ತೆಗೆಯಲೇಬೇಕು ಎಂದಾದರೆ ಅದು ನಿನ್ನ ಸೋಲಲ್ಲ. ನಡೆಯಲು ಜಾಸ್ತಿ ದಣಿವಾಗುತ್ತದೆ, ತೆಗೆದ ಪಾದ ಇನ್ನೂ ಇದ್ದು ನೋಯುತ್ತಿರುವ ಹಾಗೆ ಅನ್ನಿಸುವುದೂ ಉಂಟು, ಅದಕ್ಕೂ ಔಷಧಿ ಇದೆ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಕಿದ್ವಾಯಿಯಲ್ಲೋ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲೋ ಈ ವಾರವೇ ಕೇಳು. ಆಪರೇಷನ್ ದಿನ ಮಾತ್ರ ಮುಂದೂಡಬೇಡ. ‘ಇದೊಂದು ಮದ್ದು ನೋಡೋಣ’ ಎನ್ನುವ ನೆಂಟರಿಗೆ ಕೈ ಮುಗಿದುಬಿಡು.

ಸಹಿ ಹಾಕುವವನು ನೀನೇ. ಆದರೂ ಅಮ್ಮನನ್ನು ಬಿಟ್ಟು ಹಾಕಬೇಡ. ಮುಂದಿನ ಕೀಮೋಗೆ ಹೋದಾಗ ಅವಳನ್ನೂ ಫಿಸಿಯೋಥೆರಪಿ ಕೋಣೆಗೆ ಕರೆದುಕೊಂಡು ಹೋಗು. ಆ ಹುಡುಗನ ಅಮ್ಮ ಅಲ್ಲಿದ್ದರೆ ಇಬ್ಬರನ್ನೂ ಮಾತಾಡಲು ಬಿಟ್ಟು ನೀನು ಸ್ವಲ್ಪ ಹೊತ್ತು ಹೊರಗೆ ಬಾ.