ಎರಡೂಮುಕ್ಕಾಲು ಪುಟದ ಮೌನ, ಒಂದು ಸಾಲಿನ ಹಕ್ಕು ಬಿಡುಗಡೆ

ಪ್ರಶ್ನೆ: ನಾವು ದಾವಣಗೆರೆಯವರು. ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಏಳು ವರ್ಷದಿಂದ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಕೆಳಗಿಳಿದರೆ ನಮ್ಮವರ ಅಂಗಡಿ, ಕೊತ್ತಂಬರಿ ಸೊಪ್ಪು, ಜನ, ಗದ್ದಲ. ಈಗ ನಮ್ಮನೆಯವರು ಊರಾಚೆ ವುಡ್ಲಿಯಲ್ಲಿ 4.5 ಲಕ್ಷ ಪೌಂಡಿನ ಸೆಮಿ-ಡಿಟ್ಯಾಚ್ಡ್ (ಒಂದು ಕಡೆ ಪಕ್ಕದ ಮನೆಗೆ ಅಂಟಿದ) ಮನೆ ನೋಡಿದ್ದಾರೆ. ನಾನು ಹೋಗಿದ್ದು ಮಧ್ಯಾಹ್ನ. ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎದುರುಮನೆಯ ಪರದೆ ಸರಿದಿದ್ದಷ್ಟೇ ಕಂಡೆ. ಇಲ್ಲಿ ಸತ್ತರೂ ಮೂರು ದಿನ ಯಾರಿಗೂ ಗೊತ್ತಾಗಲ್ಲ ಅನ್ನಿಸಿತು. ಆಫರ್ ಕೊಟ್ಟಾಗಿದೆ, ಮಾರುವವರು ಒಪ್ಪಿದ್ದಾರೆ, ಇನ್ನು ಹಿಂದೆ ಸರಿಯೋ ಹಾಗಿಲ್ಲ ಅಂತಾರೆ ಇವರು. ಊರಲ್ಲಿ ಮನೆ ಇದ್ದರೆ ಇಲ್ಲಿ ತೆರಿಗೆ ಜಾಸ್ತಿಯಂತೆ, ಹಾಗಾಗಿ ಅಪ್ಪನ ಮನೆಯಲ್ಲಿ ನನ್ನ ಪಾಲನ್ನು ತಮ್ಮನಿಗೆ ಹಕ್ಕು ಬಿಡುಗಡೆ ಮಾಡಿಕೊಡು ಅಂತಲೂ ಹೇಳುತ್ತಿದ್ದಾರೆ. ಅಪ್ಪ ಹೋಗಿ ಎರಡು ವರ್ಷ. ತಮ್ಮ ಬೆಂಗಳೂರಲ್ಲಿದ್ದಾನೆ, ಅವ್ವ ಒಬ್ಬಳೇ ಆ ಮನೆಯಲ್ಲಿ. ಆ ನಿಶ್ಶಬ್ದದಲ್ಲಿ ನಾನು ಬದುಕಬಲ್ಲೆನೇ?
– ಸ., ರೀಡಿಂಗ್

ಸ. ಅವರೇ,

ನಿಮ್ಮ ಪತ್ರ ಮೂರು ಪುಟವಿತ್ತು. ಮೇಲೆ ಅಚ್ಚಾಗಿರುವುದು ಅದರ ಸಾರ. ಎರಡೂಮುಕ್ಕಾಲು ಪುಟ ಬೀದಿಯ ಮೌನಕ್ಕೆ, ಹಕ್ಕು ಬಿಡುಗಡೆಗೆ ಒಂದೇ ಸಾಲು. ಅದೂ ಕೊನೆಗೆ, ಸಂತೆ ಚೀಟಿಯಲ್ಲಿ ಮರೆತ ಕರಿಬೇವು ಬರೆದ ಹಾಗೆ. ಓದುವಾಗ ನನಗೆ ಚುಚ್ಚಿದ್ದು ಆ ಸಾಲೇ. ಅದನ್ನೇ ಮೊದಲು ತೆಗೆಯೋಣ.

ನಿಮ್ಮ ಯಜಮಾನರು ಸುಳ್ಳು ಹೇಳಿಲ್ಲ, ಅರ್ಧ ಕೇಳಿಸಿಕೊಂಡು ಬಂದಿದ್ದಾರೆ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗಾದರೂ, ಜಗತ್ತಿನ ಯಾವ ಮೂಲೆಯಲ್ಲಾದರೂ, 40,000 ಪೌಂಡಿಗೆ ಕಡಿಮೆಯಿಲ್ಲದ ಮನೆಯೋ ಮನೆಯ ಪಾಲೋ ಇದ್ದರೆ ಮಾಮೂಲು ಸ್ಟ್ಯಾಂಪ್ ಡ್ಯೂಟಿಯ ಜೊತೆಗೆ ಹೊಸ ಮನೆಯ ಬೆಲೆಯ ಶೇ 5 ಹೆಚ್ಚುವರಿ ಕಟ್ಟಬೇಕು. ನಿಮ್ಮ ಮನೆಗೆ ಅದು 22,500 ಪೌಂಡ್. ಎದೆ ಧಸಕ್ಕೆನ್ನುವ ಮೊತ್ತವೇ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ವಾರಸಿನಿಂದ ಬಂದ ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ, ಅದು ಕೈಗೆ ಬಂದ ಮೂರು ವರ್ಷದವರೆಗೆ ಈ ಹೆಚ್ಚುವರಿಯ ಲೆಕ್ಕಕ್ಕೆ ಬರುವುದಿಲ್ಲ. ಮನೆ ನಿಮ್ಮಪ್ಪನ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವ್ವ, ತಮ್ಮ, ನೀವು ಮೂವರಿಗೂ ಸಮಪಾಲು. ನಿಮ್ಮದು ಮೂರನೇ ಒಂದು ಭಾಗ, ಆಗಿರುವುದು ಎರಡು ವರ್ಷ. ಅಂದರೆ ಆ 22,500ರ ಭೂತ ಈಗ ನಿಮ್ಮ ಮನೆ ಬಾಗಿಲಿಗೆ ಬರುವಂತಿಲ್ಲ. ಮೂರನೇ ವರ್ಷ ತುಂಬುವುದರೊಳಗೆ ಕೀಲಿಕೈ ನಿಮ್ಮ ಕೈಗೆ ಬಂದಿರಬೇಕು, ಅಷ್ಟೇ. ಇದನ್ನು ನಿಮ್ಮ ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರು) ಹತ್ತಿರ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಆಫೀಸಿನ ಗೆಳೆಯರು ಊಟದ ಹೊತ್ತಲ್ಲಿ ಹೇಳಿದ ತೆರಿಗೆ ಸಲಹೆ ನಂಬಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಬೇಡಿ. ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ನಾಳೆ ಮನಸ್ಸು ಬದಲಾಯಿತೆಂದು ಹರಿದು ಹಾಕಲಾಗುವುದಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ತಿಳಿದ ತಕ್ಷಣ ನಿಮ್ಮನೆಯಲ್ಲಿ ಎರಡನೇ ಉಪಾಯ ಹುಟ್ಟುತ್ತದೆ. ಮೊದಲ ಸಲ ಮನೆ ಕೊಳ್ಳುವವರಿಗೆ ಅಲ್ಲಿ 3 ಲಕ್ಷ ಪೌಂಡಿನವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಒಟ್ಟು ಬೆಲೆ 5 ಲಕ್ಷ ಮೀರಬಾರದು ಅಷ್ಟೇ. ಆದರೆ ಅಪ್ಪನ ಮನೆಯ ಪಾಲು ಬಂದಿರುವುದರಿಂದ ನೀವು ಆ ಸಾಲಿಗೆ ಸೇರುವುದಿಲ್ಲ, ಪಾಲು ಬಿಟ್ಟುಕೊಟ್ಟರೂ ಸೇರುವುದಿಲ್ಲ. ಜಂಟಿ ಹೆಸರಿನಲ್ಲಿ ಕೊಂಡರೆ 12,500 ಪೌಂಡ್, ಇದುವರೆಗೆ ಎಲ್ಲೂ ಮನೆ ಹೊಂದಿರದ ಅವರೊಬ್ಬರ ಹೆಸರಲ್ಲಿ ಕೊಂಡರೆ 7,500. ‘ಐದು ಸಾವಿರ ಉಳಿಯುತ್ತೆ, ನನ್ನ ಹೆಸರಲ್ಲೇ ಇರಲಿ ಬಿಡು’ ಅನ್ನಬಹುದು. ಅದರಲ್ಲಿ ಕಾನೂನು ತಪ್ಪೇನಿಲ್ಲ. ಆದರೂ ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಅಪ್ಪನ ಮನೆಯ ಪತ್ರದಿಂದ ಹೆಸರು ತೆಗೆಸಿಕೊಂಡು, ಗಂಡನ ಮನೆಯ ಪತ್ರದಲ್ಲೂ ಹೆಸರಿಲ್ಲದೆ, ನೀವು ನಿಲ್ಲುವುದೆಲ್ಲಿ? ಐದು ಸಾವಿರ ಹೋಗಲಿ.

‘ಹಿಂದೆ ಸರಿಯೋ ಹಾಗಿಲ್ಲ’ ಎಂಬುದೂ ಸರಿಯಲ್ಲ. ಇಂಗ್ಲೆಂಡಿನಲ್ಲಿ ಒಪ್ಪಂದದ ಪ್ರತಿಗಳ ವಿನಿಮಯ ಆಗುವವರೆಗೆ ಇಬ್ಬರೂ ಸ್ವತಂತ್ರರು. ಸಾಲಿಸಿಟರ್, ಸರ್ವೆಯವರಿಗೆ ಕೊಟ್ಟಿದ್ದು ಹೋಗುತ್ತದೆ. ಬೇರೆಯವರು ಹೆಚ್ಚು ಕೊಡುತ್ತೇವೆಂದರೆ ಮಾರುವವರೇ ನಿಮಗೆ ಕೈ ಕೊಡಬಹುದು. ಅಲ್ಲಿ ಅದು ಮಾಮೂಲು.

ಇನ್ನು ಮೌನ. ನಾನೂ ಹನ್ನೊಂದು ವರ್ಷ ಅಂಥದ್ದೇ ಬೀದಿಯಲ್ಲಿದ್ದವಳು. ಮೊದಲ ಆರು ತಿಂಗಳು ಟೀವಿ ಹಾಕಿಟ್ಟೇ ಅಡುಗೆ ಮಾಡುತ್ತಿದ್ದೆ. ಪಕ್ಕದ ಮನೆಯ ಮುದುಕರು ಮಾತಾಡಿದ್ದೆಂದರೆ ಮಳೆಯ ಬಗ್ಗೆ ಎರಡು ಸಲ. ಆಮೇಲೊಂದು ಸಲ ನನಗೆ ಜ್ವರ ಬಂದು ಎರಡು ವಾರ ಮಲಗಿದೆ. ನಮ್ಮ ಕಸದ ಬಿನ್ನು ಬುಧವಾರ ರಾತ್ರಿ ತಾನಾಗಿ ರಸ್ತೆಯಂಚಿಗೆ ಹೋಗುತ್ತಿತ್ತು, ಗುರುವಾರ ತಾನಾಗಿ ವಾಪಸು ಗೇಟಿನೊಳಗೆ ಬರುತ್ತಿತ್ತು, ಹಿಡಿ ಗೋಡೆಯ ಕಡೆಗೆ, ನಾನು ಇಡುವ ಹಾಗೇ. ಎದ್ದು ಓಡಾಡುವಂತಾದ ಮೇಲೆ ಥ್ಯಾಂಕ್ಸ್ ಹೇಳಲು ಹೋದರೆ ಅವರಿಗೇ ಮುಜುಗರವಾಯಿತು, ಮತ್ತೆ ಮಳೆಯ ಮಾತು ತೆಗೆದರು. ನಿಮಗೆ ಕಂಡ ಪರದೆ ಸರಿದಿದ್ದರ ಹಿಂದೆ ಇರುವುದು ಬಹುಶಃ ಇಂಥ ಜೀವ. ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಕಟ್ಟೆಯ ಹಾಗೆ ‘ಏನ್ ಮಾಡೀರಿ ಇವತ್ತು ಊಟಕ್ಕ?’ ಅನ್ನುವುದಿಲ್ಲ. ಆ ಪ್ರಶ್ನೆ ಬೇಕೇ ಬೇಕು ಅನ್ನಿಸುವವರು ಇದ್ದಾರೆ, ಅದೇನು ದೌರ್ಬಲ್ಯವಲ್ಲ. ಅಂಥವರು ನೀವಾಗಿದ್ದರೆ ಪೇಟೆಗೆ ಹತ್ತಿರದ ಚಿಕ್ಕ ಮನೆಯನ್ನೇ ಹುಡುಕಿ ಎಂದು ಹಟ ಹಿಡಿಯಿರಿ.

ಆದರೆ ಒಂದೇ ಮಧ್ಯಾಹ್ನ ನೋಡಿ ತೀರ್ಮಾನಿಸಬೇಡಿ. ಶನಿವಾರ ಬೆಳಿಗ್ಗೆ ಹೋಗಿ, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾದಾಗ ಹೋಗಿ, ನಿಮ್ಮ ಕಾರಿಲ್ಲದೆ ಬಸ್ಸಿನಲ್ಲೇ ಹೋಗಿ ಬನ್ನಿ. (ಆ ವುಡ್ಲಿಯಲ್ಲಿ ಒಂದು ಕಾಲಕ್ಕೆ ವಿಮಾನ ಕಟ್ಟುವ ಕಾರ್ಖಾನೆಯೇ ಇತ್ತು. 1931ರಲ್ಲಿ ಡಗ್ಲಸ್ ಬೇಡರ್ ಎಂಬ ಪೈಲಟ್ ಬಿದ್ದು ಎರಡೂ ಕಾಲು ಕಳೆದುಕೊಂಡಿದ್ದು ಅಲ್ಲಿನ ವಿಮಾನ ಮೈದಾನದಲ್ಲಿ. ಅದರ ಮೇಲೇ ಈಗ ಮನೆಗಳೆದ್ದಿವೆ. ಸದ್ದು ಸಾಕಾಗಿ ಸುಮ್ಮನಾದ ಜಾಗ ಅಂದುಕೊಳ್ಳಿ.)

‘ಸತ್ತರೂ ಮೂರು ದಿನ ಗೊತ್ತಾಗಲ್ಲ’ ಎಂದಿರಲ್ಲ, ಅದನ್ನು ಓದಿ, ಮುಂದೆ ‘ಅವ್ವ ಒಬ್ಬಳೇ’ ಎಂಬಲ್ಲಿಗೆ ಬಂದಾಗ ನನಗೆ ಎರಡೂ ಒಂದೇ ವಾಕ್ಯದ ಹಾಗೆ ಕೇಳಿಸಿತು. ತಪ್ಪಾಗಿದ್ದರೆ ಕ್ಷಮಿಸಿ. ಇದನ್ನು ಗಂಡನಿಗೆ ಹೇಳಿದ್ದೀರಾ? ಅವರು ಪೌಂಡಿನ ಲೆಕ್ಕ ಹಾಕುತ್ತಿರುವುದು ನೀವು ಅವರೊಡನೆ ಬರೀ ಬೀದಿಯ ಮಾತಾಡಿದ್ದಕ್ಕೂ ಇರಬಹುದು. ಹೇಳಿ. ಅವ್ವನಿಗೂ ಫೋನ್ ಮಾಡಿ, ಬಿಡುಗಡೆ ಪತ್ರದ ಮಾತು ತಮ್ಮನ ಕಡೆಯಿಂದ ಅವರ ಕಿವಿಗೆ ಬೀಳುವ ಮೊದಲು.

ಮತ್ತೆ ಆ ಮನೆ ನೋಡಲು ಹೋದಾಗ ಅಡುಗೆಮನೆಯ ಹೊಗೆ ಎಳೆಯುವ ಹುಡ್ ಹಾಕಿ ನೋಡಿ. ಗಾಳಿ ಗೋಡೆಯಾಚೆ ಹೋಗುತ್ತದೋ, ಸುತ್ತಿ ಒಳಗೇ ಬರುತ್ತದೋ? ಎಷ್ಟೋ ಮನೆಗಳಲ್ಲಿ ಒಳಗೇ ಬರುತ್ತದೆ. ಏಜೆಂಟ್ ಇದನ್ನು ಹೇಳುವುದಿಲ್ಲ, ಅವನಿಗೆ ಕಮಿಷನ್ ಕೊಡುವವರು ಮಾರುವವರು. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದು ಹೊಗೆ ಅಲಾರಂ ಕೂಗಿದ ದಿನ ಆ ಬೀದಿಯವರೆಲ್ಲ ಒಮ್ಮೆ ಹೊರಗೆ ಬಂದು ನಿಮ್ಮನ್ನು ನೋಡಿಯೇ ನೋಡುತ್ತಾರೆ.