ಪೆಟ್ಟಿಗೆಯಲ್ಲಿ ರಾಣಿ ಇದ್ದಾಳೋ, ಇಲ್ಲವೋ?

ಪ್ರಶ್ನೆ: ಅಡಿಕೆ ತೋಟದಲ್ಲಿ ಮೂರು ತುಡುವೆ ಜೇನು ಪೆಟ್ಟಿಗೆ ಇಟ್ಟಿದ್ದೇನೆ. ಎರಡು ವಾರದ ಹಿಂದೆ ಒಂದು ಕುಟುಂಬ ಪಾಲಾಗಿ ಹಿಂಡು ಹಾರಿಹೋಯಿತು. ಈಗ ಆ ಪೆಟ್ಟಿಗೆಯಲ್ಲಿ ರಾಣಿ ಕಾಣುತ್ತಿಲ್ಲ, ಮೊಟ್ಟೆಯೂ ಇಲ್ಲ. ಬೇರೆ ರಾಣಿ ತಂದು ಬಿಡಬಹುದಾ?
– ಓದುಗರು, ಸುಳ್ಯ

ಉತ್ತರ: ಸ್ವಲ್ಪ ತಡೆಯಿರಿ. ಒಳಗೆ ಹೊಸ ರಾಣಿ ಇದ್ದರೆ ನೀವು ತಂದು ಬಿಟ್ಟ ರಾಣಿಯನ್ನು ಹುಳಗಳು ಕೊಂದೇ ಹಾಕುತ್ತವೆ.

ಲೆಕ್ಕ ಹಾಕಿ ನೋಡಿ. ಪಾಲಾದಾಗ ಹಾರಿ ಹೋಗುವುದು ಹಳೇ ರಾಣಿ. ಹೊಸ ರಾಣಿ ಕೋಶದಿಂದ ಹೊರಬರಲು ಸುಮಾರು ಒಂದು ವಾರ ಬೇಕು. ಆಮೇಲೆ ಬಲಿತು, ಹೊರಗೆ ಹಾರಿ ಗಂಡು ನೊಣಗಳ ಜೊತೆ ಕೂಡಿ ಬರಲು ಇನ್ನೊಂದು ವಾರ. ಮೊಟ್ಟೆ ಶುರುವಾಗಲು ಮತ್ತೂ ಎರಡು ಮೂರು ದಿನ. ಮೋಡ, ಮಳೆ ಇದ್ದರೆ ಇನ್ನೂ ತಡ. ಹಾಗಾಗಿ ಎರಡು ವಾರಕ್ಕೆ ಮೊಟ್ಟೆ ಕಾಣದಿದ್ದರೆ ಗಾಬರಿ ಬೇಡ. ಕೂಡದ ರಾಣಿ ಸಣ್ಣಗಿರುತ್ತಾಳೆ, ಎರಿಯ (ಹುಳಗಳು ಕಟ್ಟಿದ ಮೇಣದ ತಟ್ಟೆಯ) ಮೇಲೆ ಸರಸರ ಓಡುತ್ತಾಳೆ. ಅನುಭವಸ್ಥರ ಕಣ್ಣಿಗೂ ಬೀಳುವುದಿಲ್ಲ.

ರಾಣಿಯನ್ನು ಹುಡುಕುವ ಬದಲು ಎರಿ ನೋಡಿ. ಬಿಸಿಲಿಗೆ ಬೆನ್ನು ಹಾಕಿ ನಿಂತು ಎರಿ ಕಟ್ಟಿದ ಚೌಕಟ್ಟು ಎತ್ತಿ. ಎರಿಯ ಕೆಳ ಅಂಚಿನ ರಾಣಿ ಕೋಶದ ತುದಿ ದುಂಡಗೆ ತೆರೆದಿದ್ದರೆ ರಾಣಿ ಹೊರಬಂದಿದ್ದಾಳೆ. ಪಕ್ಕದಲ್ಲಿ ಹರಿದಿದ್ದರೆ ಒಳಗಿದ್ದವಳನ್ನು ಕೊಂದಿದ್ದಾರೆ. ಎರಿಯ ನಡುವಿನ ಕಣಗಳು (ಸಣ್ಣ ಗೂಡುಗಳು) ಉಜ್ಜಿ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿದ್ದರೆ ಒಳ್ಳೇ ಸೂಚನೆ: ಮೊಟ್ಟೆ ಇಡಲು ಜಾಗ ಸಿದ್ಧ ಮಾಡಿದ್ದಾರೆ ಅಂತ ಅರ್ಥ.

ಆದರೂ ಅನುಮಾನ ಇದ್ದರೆ ಹುಳಗಳನ್ನೇ ಕೇಳಿಬಿಡಿ. ಬಲವಾದ, ರೋಗವಿಲ್ಲದ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಈಗಷ್ಟೇ ಒಡೆದ ಮರಿ ಇರುವ ಒಂದು ಎರಿ ತೆಗೆಯಿರಿ. ಅಲ್ಲಿನ ರಾಣಿ ಅದರ ಮೇಲಿಲ್ಲ ಎಂದು ನೋಡಿಕೊಂಡು, ಹುಳಗಳನ್ನೆಲ್ಲ ಕೊಡವಿ, ಅನುಮಾನದ ಪೆಟ್ಟಿಗೆಯ ಸಂಸಾರ ಕೋಣೆಯ (ಮೊಟ್ಟೆ, ಮರಿ ಬೆಳೆಯುವ ಕೋಣೆಯ) ನಡುವೆ ಇಡಿ. ಮೂರನೇ ದಿನ ನೋಡಿ. ಎರಿಯಲ್ಲಿ ಕೆಳಮುಖವಾಗಿ ರಾಣಿ ಕೋಶ ಕಟ್ಟಲು ಶುರು ಮಾಡಿದ್ದರೆ ಒಳಗೆ ರಾಣಿ ಇಲ್ಲ. ಆ ಕೋಶಗಳನ್ನೇ ಬೆಳೆಯಲು ಬಿಟ್ಟರೂ ಆಯಿತು, ರಾಣಿ ತರಬೇಕೆಂದೇನೂ ಇಲ್ಲ. ಕಟ್ಟದೆ ಸುಮ್ನೆ ಮರಿ ಸಾಕುತ್ತಿದ್ದರೆ ರಾಣಿ ಇರುವುದೇ ಜಾಸ್ತಿ ಸಂಭವ. ಈ ದಿನಗಳಲ್ಲಿ ಪೆಟ್ಟಿಗೆಯ ಜಾಗ ಬದಲಿಸಬೇಡಿ, ಮಧ್ಯಾಹ್ನದ ಮೇಲೆ ತೆರೆಯಬೇಡಿ. ಕೂಡಲು ಹಾರಿ ಹೋದ ಹೊಸ ರಾಣಿ ಮರಳಿ ಬರಬೇಕಲ್ವಾ!

ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅದೂ ಕಣದ ಗೋಡೆಗೆ ಅಂಟಿಕೊಂಡು ಕಂಡರೆ ಮಾತ್ರ ತಡ ಮಾಡಬೇಡಿ. ಕೆಲಸಗಾರ ನೊಣಗಳೇ ಮೊಟ್ಟೆಗೆ ಇಳಿದಿವೆ. ತುಡುವೆಯಲ್ಲಿ ಇದು ಬೇಗ ಆಗುತ್ತದೆ. ಆ ಮೊಟ್ಟೆಯಿಂದ ಹುಟ್ಟುವುದು ಬರೀ ಗಂಡು, ಉಬ್ಬಿದ ಮುಚ್ಚಳದ ನಡುವೆ ಸಣ್ಣ ತೂತು ಕಾಣುತ್ತದೆ. ಇಂಥ ಕುಟುಂಬ ಹೊಸ ರಾಣಿಯನ್ನು ಒಪ್ಪುವುದು ಕಷ್ಟ. ಬಲವಾದ ಇನ್ನೊಂದು ಪೆಟ್ಟಿಗೆಗೆ ಸೇರಿಸುವುದೇ ಮೇಲು. ದಿನಕ್ಕೆ ಒಂದೆರಡು ಅಡಿ ಸರಿಸುತ್ತಾ ಎರಡನ್ನೂ ಹತ್ತಿರ ತನ್ನಿ. ಸಂಜೆ ಬಲವಾದ ಪೆಟ್ಟಿಗೆಯ ಮುಚ್ಚಳ ತೆಗೆದು, ಸೂಜಿಯಿಂದ ನಾಲ್ಕಾರು ತೂತು ಮಾಡಿದ ಪತ್ರಿಕೆ ಹಾಳೆ ಹಾಸಿ, ಅದರ ಮೇಲೆ ರಾಣಿಯಿಲ್ಲದ ಸಂಸಾರ ಕೋಣೆ ಇಡಿ. ಹುಳಗಳು ಹಾಳೆ ಕಡಿದು ದಾರಿ ಮಾಡಿಕೊಳ್ಳುವಷ್ಟರಲ್ಲಿ ಎರಡರ ವಾಸನೆ ಒಂದಾಗಿ ಜಗಳ ತಪ್ಪುತ್ತದೆ.