‘ಫಾಸ್ಟ್’ ಪದಕ್ಕೆ ವೇಗವೂ ಉಪವಾಸವೂ ಹೇಗೆ ಸೇರಿಕೊಂಡವು?

ಇಂಗ್ಲಿಷ್‌ನ ‘ಫಾಸ್ಟ್’ ಪದದ ಮೂರೂ ಅರ್ಥಗಳಿಗೆ (ವೇಗ, ಉಪವಾಸ, ‘ಫಾಸ್ಟ್ ಅಸ್ಲೀಪ್’ನಲ್ಲಿರುವ ಗಾಢತೆ) ಬೇರು ಒಂದೇ. ಹಳೆಯ ಇಂಗ್ಲಿಷ್‌ನಲ್ಲಿ ಇದರ ಮೂಲ ಅರ್ಥ ‘ಗಟ್ಟಿ, ಅಲುಗದ’ ಎಂದು. ಆ ಅರ್ಥ ಇನ್ನೂ ಸತ್ತಿಲ್ಲ: ‘ಫಾಸನ್’ ಎಂದರೆ ಬಿಗಿ, ‘ಸ್ಟೆಡ್‌ಫಾಸ್ಟ್’ ಎಂದರೆ ಅಚಲ, ‘ಕಲರ್‌ಫಾಸ್ಟ್’ ಎಂದರೆ (ಬಟ್ಟೆ) ಬಣ್ಣ ಬಿಡದ.

ಉಪವಾಸವೂ ಇಲ್ಲಿಂದಲೇ ಬಂತು. ನಿಯಮವನ್ನು ಗಟ್ಟಿಯಾಗಿ ಹಿಡಿಯುವುದು, ತನ್ನನ್ನು ತಾನು ಬಿಗಿಹಿಡಿಯುವುದು. ಅದನ್ನು ಮುರಿಯುವ ಊಟವೇ ‘ಬ್ರೇಕ್‌ಫಾಸ್ಟ್’. ಉಚ್ಚಾರ ಮಾತ್ರ ಸವೆದು ‘ಬ್ರೆಕ್‌ಫಸ್ಟ್’ ಆಗಿದೆ.

ವೇಗದ ಅರ್ಥ ಎಲ್ಲಕ್ಕಿಂತ ಕಿರಿಯದು, ಮಧ್ಯಕಾಲೀನ ಇಂಗ್ಲಿಷ್‌ನದು. ‘ಬಲವಾಗಿ ಓಡು’ ಎನ್ನುವುದು ನಿಧಾನಕ್ಕೆ ‘ಬೇಗ ಓಡು’ ಆಯಿತು. ವಿಚಿತ್ರವೇನಲ್ಲ. ನಮ್ಮ ‘ಗಟ್ಟಿ’ಯನ್ನೇ ನೋಡಿ: ‘ಗಟ್ಟಿಯಾಗಿ ಹಿಡಿ’ ಎಂದಾಗ ಬಿಗಿ, ‘ಗಟ್ಟಿಯಾಗಿ ಕೂಗು’ ಎಂದಾಗ ದೊಡ್ಡ ದನಿ.

ಅನುವಾದದಲ್ಲಿ ಎಡವುವುದು ಇಲ್ಲಿಯೇ. ಪಕ್ಕದಲ್ಲಿ ಸ್ಟ್ಯಾಂಡ್, ಹೋಲ್ಡ್, ಸ್ಟಕ್, ಶಟ್ ಇದ್ದರೆ ವೇಗವನ್ನು ಮರೆತು ‘ಬಿಗಿಯಾಗಿ’ ಎಂದು ಓದಿ. ‘ಸ್ಟ್ಯಾಂಡ್ ಫಾಸ್ಟ್’ ಎಂದರೆ ‘ಬೇಗ ನಿಲ್ಲು’ ಅಲ್ಲ, ‘ಕದಲಬೇಡ’! ‘ಫಾಸ್ಟ್ ಫ್ರೆಂಡ್ಸ್’ ಕೂಡ ಬೇಗ ಆದ ಗೆಳೆಯರಲ್ಲ, ಬಿಡಿಸಲಾಗದ ಗೆಳೆಯರು.

ಇನ್ನೊಂದು: ‘ಫಾಸ್ಟ್‌ಲಿ’ ಎಂದು ಬರೆಯಬೇಡಿ. ‘ಫಾಸ್ಟ್’ ತಾನೇ ಕ್ರಿಯಾವಿಶೇಷಣ. ‘ರನ್ ಫಾಸ್ಟ್’ ಸಾಕು. ‘ಲಿ’ ಹಚ್ಚಲೇಬೇಕೆನಿಸಿದರೆ ‘ಕ್ವಿಕ್‌ಲಿ’ ಇದೆಯಲ್ಲ.